ಪತ್ತೇದಾರಿ ಕಥೆಗಳೂ ಪೋಲೀಸಿನವರ ಕ್ರಮವೂ

ನಮ್ಮ ಶಾಲೆಯ ಕೈಬರಹದ ಪತ್ರಿಕೆಯಲ್ಲಿ ಕೊಲೆ ಕಳವುಗಳ ಕಥೆಗಳು ಹೆಚ್ಚುತ್ತಿರುವುದನ್ನು ಕಂಡು ಕೆಲವು ತಾಯ್ತಂದೆಗಳು ಬೇಸರಪಟ್ಟದ್ದುಂಟು. ನನಗೆ ಆ ಬೇಸರವಿಲ್ಲ. ಬಾಲಿಕೆಯರು ಅಪರಾಧವನ್ನು ಕುರಿತು ಬರೆಯಲಿ. ಆದರೆ ಕಾಯಿದೆಯನ್ನರಿತು ಬರೆಯಲಿ. ಈ ಕಥೆಗಳಲ್ಲಿ ಇನ್‌ಸ್ಪೆಕ್ಟರನು ಬಂದು, ನಾಲ್ಕು ಏಟು ಕೊಟ್ಟು, ತಪ್ಪೊಪ್ಪಿಗೆಯನ್ನು ಬರೆಯಿಸಿಕೊಳ್ಳುವನು. ಮರುದಿನವೇ ಕಳ್ಳನಿಗೆ ಸೆರೆಮನೆ. ಇಂಥದನ್ನೇ ಓದಿ ಬೆಳೆದವಳು ಮುಂದೆ ತನ್ನ ಮನೆಬಾಗಿಲಿಗೆ ಪೋಲೀಸಿನವರು ಬಂದಾಗ, ಅವರು ಮಾಡಿದ್ದೆಲ್ಲವೂ ನ್ಯಾಯವೆಂದೇ ನಂಬಿಯಾಳು.

ಪೋಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆಪಾದಿತನಿಗೆ ವಿರೋಧವಾಗಿ ರುಜುಪಡಿಸಲಾಗದೆಂದು 1872ರ ಸಾಕ್ಷ್ಯದ ಕಾಯಿದೆಯೇ ವಿಧಿಸಿತ್ತು. 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೆಯ ಕಲಮೂ ಹಾಗೆಯೇ ಹೇಳುತ್ತದೆ. ಏಟಿನ ಭಯದಿಂದ ನಿರಪರಾಧಿಯೂ ಒಪ್ಪಿಕೊಂಡಾನೆಂಬುದೇ ಇದರ ಕಾರಣ. ಆದರೆ ಇಲ್ಲಿಯೇ ಕಥೆಗಾರ್ತಿಗೆ ಒಂದು ಸೊಗಸಾದ ಗಂಟು ದೊರೆಯುತ್ತದೆ. ಪೋಲೀಸರ ವಶದಲ್ಲಿರುವವನು, “ಒಡವೆಯನ್ನು ನಾನೇ ಕದ್ದೆನು, ಬಾವಿಯ ಹಿಂದೆ ಹೂಳಿದ್ದೇನೆ” ಎನ್ನಲು, ಅಗೆದಾಗ ಒಡವೆಯು ಸಿಕ್ಕಿತೆನ್ನೋಣ. ಹೂಳಿದೆನೆಂಬ ಮಾತನ್ನು ನ್ಯಾಯಾಲಯವು ಕೇಳುವುದು. ಕದ್ದೆನೆಂಬ ಮಾತನ್ನು ಕೇಳದು. ಒಂದೇ ಉಸಿರಿನ ಮಾತು ಎರಡಾಗಿ ಸೀಳಿಹೋಗುವುದು! ಕದ್ದವನು ಇವನೇ ಎಂಬುದನ್ನು ಬೇರೆ ಸಾಕ್ಷ್ಯದಿಂದ ತೋರಿಸಬೇಕು. ಒಡವೆಯನ್ನು ತೆಗೆದಾಗ ನಿಂತು ನೋಡಿದ ಪಂಚರು ಮುಂದೆ ಕಟಕಟೆಯಲ್ಲಿ ಮಾತು ತಿರುಗಿಸಿದರಂತೂ ಕಥೆಗೆ ಮತ್ತೊಂದು ಅಧ್ಯಾಯವು ತಾನಾಗಿ ಹುಟ್ಟುತ್ತದೆ.

ಹಿಡಿದವನನ್ನು, ಪ್ರಯಾಣದ ಹೊತ್ತನ್ನು ಬಿಟ್ಟು, 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸತಕ್ಕದ್ದು. ಅಪರಾಧದ ಗುರುತ್ವಕ್ಕೆ ತಕ್ಕಂತೆ 60 ಇಲ್ಲವೆ 90 ದಿನಗಳಲ್ಲಿ ಆಪಾದನಾ ಪತ್ರವು ಸಲ್ಲದಿದ್ದರೆ, ಸೆರೆಯಲ್ಲಿರುವವನು ಜಾಮೀನನ್ನು ಹಕ್ಕಾಗಿ ಕೇಳಬಹುದು. ಇಂಗ್ಲಿಷ್ ಕಾದಂಬರಿಗಳ ಹನ್ನೆರಡು ಮಂದಿ ಜೂರಿಗಳನ್ನು ನಮ್ಮ ಕಥೆಗಳೊಳಕ್ಕೆ ಕರೆತರುವುದು ಬೇಡ. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅವರಿಗೆ ಎಡೆಯೇ ಇರಲಿಲ್ಲ. ಸೆಷನ್ಸ್ ನ್ಯಾಯಾಧೀಶರು ಮರಣದಂಡನೆಯನ್ನು ವಿಧಿಸಿದರೂ ಹೈಕೋರ್ಟು ಸ್ಥಿರಪಡಿಸುವ ತನಕ ಅದು ನಡೆಯದು.

ಸ್ತ್ರೀಯರ ವಿಷಯದಲ್ಲಿ ನಮ್ಮ ಲೇಖಕಿಯರು ಇನ್ನೂ ಎಚ್ಚರವಾಗಿರಬೇಕು. ನಡುರಾತ್ರಿಯಲ್ಲಿ ಜೀಪು ಬಂದು ನಾಯಿಕೆಯನ್ನು ಎಳೆದೊಯ್ಯುವ ದೃಶ್ಯವು ಎಷ್ಟು ಕಥೆಗಳಲ್ಲಿಲ್ಲ! ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಸ್ತ್ರೀಯನ್ನು ದಸ್ತಗಿರಿ ಮಾಡಕೂಡದು. ಅಸಾಧಾರಣ ಸಂದರ್ಭದಲ್ಲಿ ಮಾತ್ರ, ಮಹಿಳಾ ಅಧಿಕಾರಿಯು ಲಿಖಿತ ವರದಿ ಕೊಟ್ಟು, ಮ್ಯಾಜಿಸ್ಟ್ರೇಟರ ಅನುಮತಿಯನ್ನು ಮುಂಚಿತವಾಗಿ ಪಡೆದು ಹಾಗೆ ಮಾಡಬಹುದು. ಸಾಕ್ಷಿ ಹೇಳಬೇಕಾದ ಸ್ತ್ರೀಯನ್ನು ಠಾಣೆಗೆ ಬರಬೇಕೆಂದು ಬಲವಂತಪಡಿಸುವಂತಿಲ್ಲ. ಅವಳ ಮನೆಗೇ ಹೋಗಿ ವಿಚಾರಿಸಬೇಕು. ದೂರು ಕೊಟ್ಟವಳಿಗೆ ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಹಣ ಕೇಳದೆ ಕೊಡಬೇಕು. ಘಟನೆಯು ಬೇರೆ ಠಾಣೆಯ ಎಲ್ಲೆಯಲ್ಲಿ ನಡೆಯಿತೆಂದು ಅವಳನ್ನು ಹಿಂದಕ್ಕೆ ಕಳುಹಿಸುವುದಕ್ಕೂ ಈಗ ಅವಕಾಶವಿಲ್ಲ.

ಕಳೆದ ವರ್ಷ ಬಂದ ಒಂದು ಕಥೆಯಲ್ಲಿ, ಮದುವೆಯಾಗಿ ಎರಡೇ ವರ್ಷವಾದ ಸೊಸೆಯು ಅನುಮಾನಾಸ್ಪದವಾಗಿ ಸಾಯುವಳು. ಪೋಲೀಸಿನವರು ಬಂದು ನೋಡಿದ ಮೇಲೂ ಸಾಯಂಕಾಲದೊಳಗೆ ಅತ್ತೆಮನೆಯವರು ದಹನವನ್ನು ಮುಗಿಸುವರು. ಮದುವೆಯಾದ ಏಳು ವರ್ಷಗಳೊಳಗೆ ಸ್ತ್ರೀಯು ಹೀಗೆ ಸತ್ತರೆ ಪೋಲೀಸಿನವರು ಶವವನ್ನು ವೈದ್ಯರ ಪರೀಕ್ಷೆಗೆ ಕಳುಹಿಸತಕ್ಕದ್ದೆಂದು ಕಾಯಿದೆಯಿದೆ. ಇದನ್ನು ತಿಳಿಸಿದಾಗ ಬರೆದ ಹುಡುಗಿಯು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಅವಳ ತಾಯಿಗೆ ಇದು ಗೊತ್ತಿರಬೇಕಿತ್ತು” ಎಂದಳು. ಕಥೆಯನ್ನು ತಿರುಗಿ ಬರೆದು ತಂದಳು. ಈ ಸಲ ತಾಯಿಯು ದಹನವನ್ನು ತಡೆದು ನಿಲ್ಲಿಸಿದ್ದಳು.