ಅಂಗಡಿ ಮೇಲೆ ಮನೆ, ಇಳಿಜಾರಿನ ಪಕ್ಕ ರೂಮು

ನಗರ್ತಪೇಟೆ ನೋಡಿದ್ದೀರಾ? ಎರಡು ಆಟೋ ಎದುರುಬದುರಾದ್ರೆ ಒಂದು ಹಿಂದಕ್ಕೆ ಹೋಗಲೇಬೇಕಾದ ಗಲ್ಲಿಗಳು. ಕೆಳಗೆ ಹೋಲ್‌ಸೇಲ್ ಅಂಗಡಿ, ಮೇಲೆ ಮನೆ. ನಮ್ಮ ಗುಂಪಿನಲ್ಲಿ ಒಬ್ಬನ ಮನೆ ಅಲ್ಲೇ ಇದೆ. ಮೂರನೇ ಸೆಮಿಸ್ಟರ್ ಪರೀಕ್ಷೆ ಮುಗಿದ ಸಂಜೆ ನಾವು ಐದು ಜನ ಅವರ ಮನೆ ತಾರಸಿ ಮೇಲೆ ಕೂತು ಗುಲ್ಮಾರ್ಗ್‌ಗೆ ಹೋಗಿ ಸ್ಕೀಯಿಂಗ್ ಕಲಿಯೋದು ಅಂತ ತೀರ್ಮಾನ ಮಾಡಿದ್ವಿ. ನಮ್ಮಲ್ಲಿ ನಾಲ್ಕು ಜನ ಹಿಮವನ್ನು ಫ್ರಿಜ್ ಒಳಗೆ ಬಿಟ್ಟರೆ ಬೇರೆಲ್ಲೂ ನೋಡಿರಲಿಲ್ಲ.

ವಿಮಾನದ ಟಿಕೆಟ್ ಬಗ್ಗೆ ಎರಡು ವಾರ ಚರ್ಚೆ ಆಯ್ತು. ಉಳಿಯೋ ಜಾಗದ ಬಗ್ಗೆ ಹತ್ತು ನಿಮಿಷ. ಬೆಲೆ ಕಡಿಮೆಯಿಂದ ಜಾಸ್ತಿಗೆ ಜೋಡಿಸಿದ್ವಿ, ಮೊದಲನೇದನ್ನ ಬುಕ್ ಮಾಡಿದ್ವಿ. ಆ ಹತ್ತು ನಿಮಿಷದಲ್ಲಿ ಮಾಡಿದ ತಪ್ಪನ್ನ ನೀವು ಮಾಡಬಾರದು ಅಂತಲೇ ಈ ಲೇಖನ.

ಬುಕಿಂಗ್ ಆದ ಮೇಲೆ ಗೆಳೆಯನ ಅಜ್ಜಿ ಕೇಳಿದ್ರು, "ಕಲಿಯೋ ಜಾಗಕ್ಕೂ ಮಲಗೋ ಜಾಗಕ್ಕೂ ಎಷ್ಟು ದೂರ?" ಹದಿಮೂರು ಕಿಲೋಮೀಟರ್ ಅಂದ್ವಿ. "ನಿಮ್ಮ ತಾತ ಅಂಗಡಿ ಮೇಲೇ ಮನೆ ಕಟ್ಸಿದ್ದು ಸುಮ್ನೆ ಅಲ್ಲಪ್ಪ. ತಲೆನೋವು ಬಂದ್ರೆ ಮೆಟ್ಲು ಹತ್ತಿದ್ರೆ ಹಾಸಿಗೆ," ಅಂದ್ರು. ನಾವು ನಕ್ಕು ಸುಮ್ಮನಾದ್ವಿ.

ಹದಿಮೂರು ಕಿಲೋಮೀಟರಿನ ಬೆಲೆ

ಶ್ರೀನಗರದಿಂದ ಗುಲ್ಮಾರ್ಗ್ ಸುಮಾರು 50 ಕಿ.ಮೀ. ಅದಕ್ಕಿಂತ 13 ಕಿ.ಮೀ. ಮೊದಲು, ಬೆಟ್ಟದ ಬುಡದಲ್ಲಿ, ತಂಗ್‌ಮಾರ್ಗ್ ಅನ್ನೋ ಊರು ಸಿಗುತ್ತೆ. ಅಲ್ಲಿ ರೂಮು ಅಗ್ಗ, ನಮಗೆ ಮೇಲಿನ ಬಾಡಿಗೆಯ ಅರ್ಧಕ್ಕೇ ಸಿಕ್ಕಿತ್ತು. ಆದರೆ ಹಿಮ ಬಿದ್ದಾಗ ಅಲ್ಲಿಂದ ಮುಂದಕ್ಕೆ ಎಲ್ಲ ಗಾಡಿಗಳನ್ನೂ ಬಿಡೋದಿಲ್ಲ. ಟೈರಿಗೆ ಸರಪಳಿ ಕಟ್ಟಿದ ಗಾಡಿ ಅಥವಾ ಫೋರ್ ವೀಲ್ ಡ್ರೈವ್ ಬೇಕು. ದಿನಾ ಅದಕ್ಕೆ ಬಾಡಿಗೆ, ದಿನಾ ಅದಕ್ಕೆ ಕಾಯೋದು. ರೂಮಲ್ಲಿ ಉಳಿಸಿದ ದುಡ್ಡು ರಸ್ತೆಯಲ್ಲಿ ಹೋಯ್ತು.

ದುಡ್ಡು ಹೋಗಲಿ. ಮೊದಲ ದಿನ ಹನ್ನೊಂದೂವರೆ ಹೊತ್ತಿಗೆ ನಮ್ಮ ಪೇಟೆ ಗೆಳೆಯ ಏಳೆಂಟು ಸಲ ಬಿದ್ದಿದ್ದ. "ಬೂಟು ಕಚ್ತಿದೆ" ಅಂದ. ಕಚ್ತಿದ್ದಿದ್ದು ಬೂಟಲ್ಲ, ಭಯ. ಅದು ನಮಗೆ ಆಮೇಲೆ ಗೊತ್ತಾಯ್ತು. ನಾವು ಮಾತಾಡಿಕೊಂಡಿದ್ದ ಗಾಡಿ ವಾಪಸ್ ಹೊರಡೋದು ಸಂಜೆ ನಾಲ್ಕೂವರೆಗೆ. ಅವನು ಐದು ಗಂಟೆ ಹೊತ್ತು ಒದ್ದೆ ಗ್ಲೌಸ್ ಹಾಕಿಕೊಂಡು ಟೀ ಅಂಗಡಿಯ ಬೆಂಚಿನ ಮೇಲೆ ಕೂತಿದ್ದ. ರಾತ್ರಿ, "ನಾಳೆ ನಾನು ಬರಲ್ಲ, ನೀವು ಹೋಗಿ," ಅಂದ. ನಮಗೆ ಸಿಟ್ಟು ಬಂತು. ಇಷ್ಟು ಖರ್ಚು ಮಾಡಿ ಬಂದಿದ್ದೀವಿ ಅಂತ ಕೂಗಾಡಿದ್ವಿ ಕೂಡ. ನಿಜ ಹೇಳಬೇಕಂದ್ರೆ ಐವರಲ್ಲಿ ಹೆದರಿದ್ದವರು ನಾಲ್ಕು ಜನ, ಒಪ್ಪಿಕೊಂಡವನು ಅವನೊಬ್ಬ.

ಮೂರನೇ ದಿನ ಕೊಟ್ಟಿದ್ದ ಅಡ್ವಾನ್ಸ್ ಬಿಟ್ಟು ಮೇಲಕ್ಕೆ, ಕಲಿಯೋ ಇಳಿಜಾರಿಗೆ ಆರೇಳು ನಿಮಿಷ ನಡೆಯೋ ದೂರದ ರೂಮಿಗೆ ಬಂದ್ವಿ. ಅವತ್ತು ಅವನು ಬೆಳಗ್ಗೆ ಒಂದು ಗಂಟೆ ಕಲಿತು ರೂಮಿಗೆ ಹೋಗಿ ಮಲಗಿದ. ಯಾರೂ ಕರೆಯದೆ ಮಧ್ಯಾಹ್ನ ಮೂರಕ್ಕೆ ತಾನೇ ವಾಪಸ್ ಬಂದ.

ಹತ್ತಿರ ಯಾಕೆ ಬೇಕು?

ಕಲಿಯೋರಿಗೆ ಮೊದಲು ಹೇಳಿಕೊಡೋದು ಸ್ನೋಪ್ಲೋ. ಸ್ಕೀಗಳ ಮುಂದಿನ ತುದಿಗಳನ್ನ ಹತ್ತಿರ ತಂದು, ಹಿಂದಿನ ತುದಿಗಳನ್ನ ಅಗಲಿಸಿ, ಒಳಗಿನ ಅಂಚನ್ನ ಹಿಮಕ್ಕೆ ಒತ್ತೋದು. ಅದೇ ನಮ್ಮ ಬ್ರೇಕ್. ಈ ಬ್ರೇಕ್‌ನ ಪೂರ್ತಿ ಭಾರ ತೊಡೆ ಮೇಲೆ ಬೀಳುತ್ತೆ. ತೊಡೆ ಸೋತ ಮೇಲೆ ಬ್ರೇಕ್ ಹಿಡಿಯಲ್ಲ, ಬ್ರೇಕ್ ಹಿಡಿಯದೆ ಬೀಳ್ತೀವಿ, ಬಿದ್ದಷ್ಟೂ ಭಯ ಜಾಸ್ತಿ. ಹಾಗಾಗಿ ಹೊಸಬರು ಬೆಳಗ್ಗೆ ಒಂದೆರಡು ಗಂಟೆ ಕಲಿತು, ಮಧ್ಯ ಮಲಗಿ, ಆಮೇಲೆ ಮತ್ತೆ ಒಂದು ಗಂಟೆ ಕಲಿಯೋದು ಒಳ್ಳೇದು. ರೂಮು 13 ಕಿ.ಮೀ. ದೂರ ಇದ್ರೆ ಆ ನಡುವಿನ ನಿದ್ದೆ ಸಿಗೋದೇ ಇಲ್ಲ.

ಎತ್ತರದ್ದೂ ಒಂದು ಲೆಕ್ಕ ಇದೆ. ಗುಲ್ಮಾರ್ಗ್ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ನಮ್ಮ ರಾಜ್ಯದಲ್ಲೇ ಅತಿ ಎತ್ತರದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಬೆಂಗಳೂರಿಂದ ನೇರ ಹೋದವರಿಗೆ ಮೊದಲ ದಿನ ಸುಸ್ತು, ಸಣ್ಣ ತಲೆನೋವು ಬರಬಹುದು. ಅವತ್ತು ಸ್ಕೀ ಮುಟ್ಟದೆ, ಚೆನ್ನಾಗಿ ನೀರು ಕುಡಿದು, ಸುಮ್ಮನೆ ಓಡಾಡಿ.

"ಗೊಂಡೋಲಾ ಪಕ್ಕ" ಅಂದ್ರೆ ಸಾಕಾ?

ಸಾಲದು. ಗೊಂಡೋಲಾ ಅನ್ನೋ ಕೇಬಲ್ ಕಾರು ಎರಡು ಹಂತದ್ದು. ಮೊದಲ ಹಂತ ಸುಮಾರು 3,100 ಮೀಟರ್ ಎತ್ತರದ ಕೋಂಗ್‌ಡೋರಿಗೆ, ಎರಡನೇದು 3,900 ಮೀಟರಿಗೂ ಮೇಲೆ ಅಫರ್ವಟ್ ಬೆಟ್ಟಕ್ಕೆ ಹೋಗುತ್ತೆ. ಮೇಲಿನ ಇಳಿಜಾರುಗಳು ಚೆನ್ನಾಗಿ ಬರುವವರಿಗೆ ಮಾತ್ರ. 2023ರ ಫೆಬ್ರುವರಿಯಲ್ಲಿ ಅಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ತೀರಿಕೊಂಡರು. ಹೊಸಬರು ಕಲಿಯೋದು ಕೆಳಗಿನ ಹುಲ್ಲುಗಾವಲಿನ ಮೆತ್ತನೆ ಇಳಿಜಾರುಗಳಲ್ಲಿ. ಹಾಗಾಗಿ ಹೋಟೆಲಿನವರಿಗೆ ಗೊಂಡೋಲಾ ಎಷ್ಟು ದೂರ ಅನ್ನೋದಕ್ಕಿಂತ ಮೊದಲು, "ಹೊಸಬರಿಗೆ ಹೇಳಿಕೊಡೋ ಜಾಗ ನಿಮ್ಮಲ್ಲಿಂದ ನಡೆದು ಎಷ್ಟು ನಿಮಿಷ?" ಅಂತ ಕೇಳಿ. ಸ್ಕೀ ಬೂಟು ಹಾಕಿಕೊಂಡು ಒಂದು ಕಿಲೋಮೀಟರ್ ನಡೆಯೋದು ಅಂದ್ರೆ ಕಾಲಿಗೆ ಸಿಮೆಂಟ್ ಮೆತ್ತಿಕೊಂಡು ಅವೆನ್ಯೂ ರೋಡಲ್ಲಿ ನಡೆದ ಹಾಗೆ.

ಬಿಸಿ, ಒಣಗಿಸೋ ಜಾಗ, ಗಾಳಿ

ನಾವು ಪೇಟೆಯಲ್ಲಿ ಚೆನ್ನಾಗಿ ಚೌಕಾಸಿ ಮಾಡಿ ಉಲ್ಲನ್ ಗ್ಲೌಸ್ ತಗೊಂಡಿದ್ವಿ. ಎರಡನೇ ಸಲ ಬಿದ್ದಾಗಲೇ ಒದ್ದೆ. ನೀರು ಒಳಗೆ ಹೋಗದ ಗ್ಲೌಸ್ ಬೇಕು. ಅವೂ ಬೆವರಿಗೆ ಒದ್ದೆ ಆಗ್ತವೆ. ರಾತ್ರಿ ಒಣಗದಿದ್ರೆ ಮರುದಿನ ಬೆಳಗ್ಗೆ ಕೈ ಹಾಕೋಕಾಗಲ್ಲ. ಆದ್ದರಿಂದ ರೂಮಲ್ಲಿ ಟಿವಿ ಇದೆಯಾ ಅಂತ ಕೇಳೋ ಬದಲು ಬಟ್ಟೆ ಒಣಗಿಸೋ ಬಿಸಿ ಜಾಗ ಇದೆಯಾ ಅಂತ ಕೇಳಿ.

ಅಲ್ಲಿ ಹಲವು ಕಡೆ ರೂಮು ಬಿಸಿ ಮಾಡೋದು ಬುಖಾರಿಯಿಂದ. ಅದು ಸೌದೆ ಉರಿಯೋ ಕಬ್ಬಿಣದ ಒಲೆ, ಹೊಗೆ ಹೋಗೋಕೆ ಕೊಳವೆ ಇರುತ್ತೆ. ಕೆಲವು ಕಡೆ ಗ್ಯಾಸ್ ಹೀಟರ್, ಕೆಲವು ಕಡೆ ಕರೆಂಟಿನ ಹಾಸು. ಕರೆಂಟ್ ಹೋದ್ರೆ ಏನು ವ್ಯವಸ್ಥೆ ಅಂತ ಕೇಳಿಕೊಳ್ಳಿ. ಗ್ಯಾಸ್ ಹೀಟರ್ ಇದ್ರೆ ಅದನ್ನ ಉರಿಸಿಕೊಂಡು ಮಲಗಲೇಬೇಡಿ. ಕಿಟಕಿ ಪೂರ್ತಿ ಮುಚ್ಚಿದ ರೂಮಲ್ಲಿ ಆಮ್ಲಜನಕ ಸಾಲದೆ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಕೆಮಿಸ್ಟ್ರಿಯಲ್ಲಿ ಎರಡು ಅಂಕಕ್ಕೆ ಬರೆದಿದ್ದು ಇಲ್ಲಿ ಜೀವದ ಪ್ರಶ್ನೆ.

ಇನ್ನೊಂದು ಮಾತು. ಬೇರೆ ರಾಜ್ಯದ ಪ್ರೀಪೇಯ್ಡ್ ಸಿಮ್ ಕಾಶ್ಮೀರದಲ್ಲಿ ಕೆಲಸ ಮಾಡಲ್ಲ, ಪೋಸ್ಟ್‌ಪೇಯ್ಡ್ ಬೇಕು. ನಮ್ಮ ಐವರ ಮಧ್ಯೆ ಇದ್ದದ್ದು ಒಂದೇ ಪೋಸ್ಟ್‌ಪೇಯ್ಡ್. ಟೀ ಅಂಗಡಿಯಲ್ಲಿ ಕೂತಿದ್ದ ಗೆಳೆಯನ ಹತ್ತಿರ ಅದು ಇರಲಿಲ್ಲ.

ಉಳಿಯೋದು, ಕಲಿಯೋದು ಒಂದೇ ಕಡೆ

ಪೂರ್ತಿ ಹೊಸಬರಿಗೆ ಇನ್ನೂ ಸುಲಭದ ದಾರಿ ಉಳಿಯೋ ವ್ಯವಸ್ಥೆ ಇರೋ ಕೋರ್ಸ್. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಅಡಿಯಲ್ಲಿರುವ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಗುಲ್ಮಾರ್ಗ್‌ನಲ್ಲೇ ಇದೆ. ಉತ್ತರಾಖಂಡದ ಔಲಿಯಲ್ಲಿ ಗಢವಾಲ್ ಮಂಡಲ ವಿಕಾಸ ನಿಗಮ ಚಳಿಗಾಲದಲ್ಲಿ ಕೋರ್ಸ್ ನಡೆಸುತ್ತೆ. ಇಂಥ ಕಡೆ ಹಾಸಿಗೆ, ಊಟ, ಸ್ಕೀ, ಹೇಳಿಕೊಡೋರು ಎಲ್ಲ ಒಟ್ಟಿಗೆ ಸಿಗೋದರಿಂದ ರೂಮು ಹುಡುಕೋ ತಲೆನೋವಿಲ್ಲ. ಜೊತೆಗೆ ಬೀಳೋರೂ ನಮ್ಮ ಥರದ ಹೊಸಬರೇ. ತೊಂದರೆ ಅಂದ್ರೆ ದಿನಾಂಕ ಅವರದ್ದು. ನಮ್ಮ ಪರೀಕ್ಷಾ ವೇಳಾಪಟ್ಟಿಗೆ ಹೊಂದಬೇಕು.

ಔಲಿಗೆ ಹೋಗೋರಿಗೂ ಕೆಳಗೋ ಮೇಲೋ ಅನ್ನೋ ಇದೇ ಪ್ರಶ್ನೆ. ಕೆಳಗಿನ ಊರು ಜೋಶಿಮಠ. ನಮ್ಮ ಶೃಂಗೇರಿಯ ಹಾಗೇ ಶಂಕರಾಚಾರ್ಯರ ನಾಲ್ಕು ಪೀಠಗಳಲ್ಲಿ ಒಂದು ಅಲ್ಲಿದೆ. ಅಲ್ಲಿಂದ ಔಲಿಗೆ ಸುಮಾರು 4 ಕಿ.ಮೀ. ಉದ್ದದ ರೋಪ್‌ವೇ ಇತ್ತು, ಹಾಗಾಗಿ ಕೆಳಗೆ ಉಳಿದು ಮೇಲೆ ಕಲಿಯೋದು ಸಲೀಸು. 2023ರ ಜನವರಿಯಲ್ಲಿ ಊರಿನ ನೆಲವೇ ಕುಸಿಯೋಕೆ ಶುರುವಾಗಿ ನೂರಾರು ಮನೆಗಳು ಬಿರುಕು ಬಿಟ್ಟವು, ಒಂದಕ್ಕೊಂದು ವಾಲಿದ ಎರಡು ಹೋಟೆಲುಗಳನ್ನ ಕೆಡವಬೇಕಾಯ್ತು, ರೋಪ್‌ವೇ ನಿಲ್ಲಿಸಿದರು. ಹಳೇ ಬರಹ ಓದಿ "ರೋಪ್‌ವೇಯಲ್ಲಿ ಹೋದ್ರಾಯ್ತು" ಅಂತ ಬುಕ್ ಮಾಡಬೇಡಿ. ಮನಾಲಿಯಲ್ಲಿ ಉಳಿದು 13 ಕಿ.ಮೀ. ಆಚೆಯ ಸೋಲಂಗ್‌ನಲ್ಲಿ ಕಲಿಯೋರಿಗೂ ಹಿಮ ಬಿದ್ದ ದಿನ ರಸ್ತೆಯೇ ಪರೀಕ್ಷೆ.

ಹಿಮ ಬರದಿದ್ರೆ?

2024ರ ಜನವರಿಯಲ್ಲಿ ಗುಲ್ಮಾರ್ಗ್ ಬಹುಪಾಲು ಹಿಮವಿಲ್ಲದೆ ಒಣಗಿತ್ತು. 2025ರಲ್ಲಿ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನೇ ಹಿಮ ಸಾಲದೆ ಫೆಬ್ರುವರಿಯಿಂದ ಮಾರ್ಚ್‌ಗೆ ಮುಂದೂಡಿದರು. (ಆ ಕೂಟದಲ್ಲಿ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಕರ್ನಾಟಕಕ್ಕೆ ಚಿನ್ನ ತಂದರು. ಹಿಮ ನಮ್ಮವರಿಗೆ ಆಗಿಬರಲ್ಲ ಅನ್ನೋರಿಗೆ ಇದನ್ನ ಹೇಳಿ.) ದೇಶದ ಕ್ರೀಡಾಕೂಟವೇ ಕಾಯಬೇಕಾದ್ರೆ ನಮ್ಮದೇನು? ಸ್ವಲ್ಪ ಹೆಚ್ಚು ಬೆಲೆಯಾದ್ರೂ ರದ್ದು ಮಾಡಿದ್ರೆ ದುಡ್ಡು ವಾಪಸ್ ಬರೋ ಬುಕಿಂಗ್ ಮಾಡಿ. ಎಲ್ಲ ರಾತ್ರಿಗಳಿಗೂ ಮುಂಗಡ ಕೊಡಬೇಡಿ, ಮೊದಲ ಎರಡು ರಾತ್ರಿಗೆ ಮಾತ್ರ ಕೊಡಿ. ನಾವು ಹೀಗೆ ಮಾಡಿದ್ರೆ ಕೆಳಗಿನ ಅಡ್ವಾನ್ಸ್ ಉಳೀತಿತ್ತು.

ಕೊನೇದಾಗಿ, ಬುಕ್ ಮಾಡೋ ಮೊದಲು ಫೋನ್ ಮಾಡಿ ಐದು ಪ್ರಶ್ನೆ ಕೇಳಿ: ಹೊಸಬರ ಇಳಿಜಾರಿಗೆ ನಡೆದು ಎಷ್ಟು ನಿಮಿಷ? ಮಧ್ಯಾಹ್ನ ಒಬ್ಬರೇ ರೂಮಿಗೆ ವಾಪಸ್ ಬರಬಹುದಾ, ಆಗ ರೂಮು ಬಿಸಿ ಇರುತ್ತಾ? ಬಟ್ಟೆ ಎಲ್ಲಿ ಒಣಗಿಸೋದು? ಬಿಸಿ ಮಾಡೋದು ಯಾವುದರಿಂದ? ಹಿಮ ಇಲ್ಲದಿದ್ರೆ ದುಡ್ಡು ಎಷ್ಟು ವಾಪಸ್? ಇವುಗಳಲ್ಲಿ ಎರಡನೇದು ಮುಖ್ಯ. ನಿಮ್ಮ ಗುಂಪಿನಲ್ಲಿ ಹೆದರಿದವನು ಹೆದರಿದ್ದೀನಿ ಅಂತ ಹೇಳಲ್ಲ, ಬೂಟು ಕಚ್ತಿದೆ ಅಂತಾನೆ. ಯಾರನ್ನೂ ಕೇಳದೆ, ಯಾರ ದಿನಾನೂ ಹಾಳು ಮಾಡದೆ ರೂಮಿಗೆ ಹೋಗಬಹುದು ಅಂತ ಗೊತ್ತಿದ್ರೆ ಅವನು ಇನ್ನೊಂದು ಸಲ ಇಳೀತಾನೆ.

ಕೊನೇ ದಿನ ನಮ್ಮ ಗೆಳೆಯ ಸ್ನೋಪ್ಲೋ ಹಾಕಿಕೊಂಡು, ಬೀಳದೆ, ಕೆಳಗಿನ ತನಕ ಬಂದ. ಊರಿಗೆ ಬಂದು ಅಜ್ಜಿಗೆ ವಿಡಿಯೋ ತೋರಿಸಿದ್ವಿ. ಅವರು ಪೂರ್ತಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ, "ರೂಮು ಎಲ್ಲೋ ಕಾಣ್ತಾನೇ ಇಲ್ಲ?" ವಿಡಿಯೋ ನಿಲ್ಲಿಸಿ ತೋರಿಸಿದ್ವಿ. ಅವನ ಹಿಂದೆ, ಬಲಗಡೆ, ಹಸಿರು ಛಾವಣಿದು.