ಐಲ್ ರಾಯಲ್ ತೋಳ–ಮೂಸ್ ಅಧ್ಯಯನ

ಐಲ್ ರಾಯಲ್ ತೋಳ–ಮೂಸ್ ಅಧ್ಯಯನವು ಅಮೆರಿಕ ಸಂಯುಕ್ತ ಸಂಸ್ಥಾನದ ಐಲ್ ರಾಯಲ್ ದ್ವೀಪದಲ್ಲಿ 1958ರಲ್ಲಿ ಆರಂಭವಾದ ವನ್ಯಜೀವಿ ಸಂಶೋಧನಾ ಕಾರ್ಯಕ್ರಮವಾಗಿದೆ. ಬೇಟೆಯಾಡುವ ಪ್ರಾಣಿ ಮತ್ತು ಅದಕ್ಕೆ ಆಹಾರವಾಗುವ ಪ್ರಾಣಿಯ ನಡುವಿನ ಸಂಬಂಧದ ಬಗ್ಗೆ ಜಗತ್ತಿನಲ್ಲಿ ಅತಿ ದೀರ್ಘಕಾಲದಿಂದ ನಡೆಯುತ್ತಿರುವ ಅಧ್ಯಯನ ಇದೆಂದು ಪರಿಗಣಿಸಲಾಗಿದೆ. ಆರಂಭದಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯ ಇದನ್ನು ನಡೆಸುತ್ತಿತ್ತು. 1970ರ ದಶಕದಿಂದ ಇದು ಮಿಷಿಗನ್ ಟೆಕ್ನಲಾಜಿಕಲ್ ವಿಶ್ವವಿದ್ಯಾಲಯದ ಹೊಣೆಯಲ್ಲಿದೆ. ಅಧ್ಯಯನದ ವೈಜ್ಞಾನಿಕ ಫಲಿತಾಂಶಗಳು ಪ್ರಸಿದ್ಧವಾಗಿವೆ. ಆ ಫಲಿತಾಂಶಗಳ ಹಿಂದಿನ ವಿಮಾನ, ವಸತಿ, ಅನುಮತಿ, ಹಣ ಮತ್ತು ಸ್ವಯಂಸೇವಕರ ವ್ಯವಸ್ಥೆಯ ಬಗ್ಗೆ ಬರೆದದ್ದು ಕಡಿಮೆ.

ಹಿನ್ನೆಲೆ

ಐಲ್ ರಾಯಲ್ ಸುಪೀರಿಯರ್ ಸರೋವರದ ವಾಯವ್ಯ ಭಾಗದಲ್ಲಿದೆ. ಇದರ ಉದ್ದ ಸುಮಾರು 72 ಕಿ.ಮೀ. ಆಡಳಿತದ ದೃಷ್ಟಿಯಿಂದ ಮಿಷಿಗನ್ ರಾಜ್ಯಕ್ಕೆ ಸೇರಿದ್ದರೂ ಭೌಗೋಳಿಕವಾಗಿ ಇದು ಮಿನ್ನೆಸೋಟ ರಾಜ್ಯಕ್ಕೂ ಕೆನಡಾದ ದಡಕ್ಕೂ ಹತ್ತಿರವಾಗಿದೆ. ದ್ವೀಪವು 1940ರಿಂದ ರಾಷ್ಟ್ರೀಯ ಉದ್ಯಾನವಾಗಿದ್ದು, 1976ರಲ್ಲಿ ಅದರ ಬಹುಪಾಲು ನೆಲಕ್ಕೆ ಕಾನೂನುಬದ್ಧ ವನ್ಯಪ್ರದೇಶದ ಸ್ಥಾನ ದೊರೆಯಿತು. ಇಲ್ಲಿ ವಾಹನ ಸಂಚಾರದ ರಸ್ತೆಗಳಿಲ್ಲ. ಪ್ರತಿವರ್ಷ ನವೆಂಬರ್ 1ರಿಂದ ಏಪ್ರಿಲ್ ಮಧ್ಯದವರೆಗೆ ಉದ್ಯಾನವನ್ನು ಸಾರ್ವಜನಿಕರಿಗೆ ಮುಚ್ಚಲಾಗುತ್ತದೆ.

ಜಿಂಕೆ ಕುಟುಂಬದ ಅತಿ ದೊಡ್ಡ ಪ್ರಾಣಿಯಾದ ಮೂಸ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ದ್ವೀಪವನ್ನು ಸೇರಿತು. 1940ರ ದಶಕದ ಕೊನೆಯ ಹೊತ್ತಿಗೆ ತೋಳಗಳು ಹೆಪ್ಪುಗಟ್ಟಿದ ಸರೋವರದ ಮೇಲೆ ನಡೆದು ಬಂದವು. ಬೇಟೆಗಾರ ಪ್ರಾಣಿಯಾಗಿ ತೋಳ, ಅದರ ಮುಖ್ಯ ಆಹಾರವಾಗಿ ಮೂಸ್, ಸುತ್ತಲೂ ನೀರು ಎಂಬ ಈ ಸರಳ ಸನ್ನಿವೇಶವೇ ಪರ್ಡ್ಯೂ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಡರ್ವರ್ಡ್ ಆಲನ್ ಅವರನ್ನು ಇಲ್ಲಿಗೆ ಸೆಳೆಯಿತು. ಅವರ ಮೂಲ ಯೋಜನೆ ಹತ್ತು ವರ್ಷಗಳದ್ದು. ಮೊದಲ ಸಂಶೋಧನಾ ವಿದ್ಯಾರ್ಥಿಯಾಗಿ ಬಂದ ಡೇವಿಡ್ ಮೆಕ್ ಮುಂದೆ ತೋಳಗಳ ಬಗ್ಗೆ ಜಗತ್ಪ್ರಸಿದ್ಧ ತಜ್ಞರೆನಿಸಿದರು. 1970ರ ದಶಕದಲ್ಲಿ ನೇತೃತ್ವ ವಹಿಸಿಕೊಂಡ ರಾಲ್ಫ್ ಪೀಟರ್ಸನ್ ಕೂಡ ವಿದ್ಯಾರ್ಥಿಯಾಗಿಯೇ ದ್ವೀಪಕ್ಕೆ ಬಂದವರು. ನಂತರ ಜಾನ್ ವುಸೆಟಿಚ್, ಸಾರಾ ಹೋಯ್ ಮೊದಲಾದವರು ಹೊಣೆ ಹಂಚಿಕೊಂಡರು. ಅರುವತ್ತು ವರ್ಷಗಳಿಗೂ ಮೀರಿದ ಕಾರ್ಯಕ್ರಮದಲ್ಲಿ ನಾಯಕತ್ವ ಬದಲಾದದ್ದು ಕೆಲವೇ ಬಾರಿ. ಪ್ರತಿ ಬಾರಿಯೂ ಹೊಸಬರು ಹಳಬರ ಜೊತೆ ಕ್ಷೇತ್ರದಲ್ಲಿ ವರ್ಷಗಟ್ಟಲೆ ದುಡಿದ ಮೇಲೆಯೇ ಮುಂದೆ ಬಂದರು. ಎಣಿಕೆಯ ವಿಧಾನ ಒಬ್ಬರಿಂದ ಇನ್ನೊಬ್ಬರಿಗೆ ಹೋಗುವಾಗ ಬದಲಾಗದೆ ಉಳಿಯಲು ಇದು ಒಂದು ಕಾರಣ.

ಚಳಿಗಾಲದ ಕಾರ್ಯಾಚರಣೆ

ಎಣಿಕೆಯ ಕೆಲಸ ಚಳಿಗಾಲದಲ್ಲಿ ನಡೆಯುತ್ತದೆ. ಎಲೆ ಉದುರಿದ ಕಾಡಿನಲ್ಲಿ ಮೂಸ್ ಕಾಣಿಸುತ್ತದೆ ಮತ್ತು ಹಿಮದ ಮೇಲೆ ತೋಳದ ಹೆಜ್ಜೆ ಮೂಡುತ್ತದೆ. ಸಾಮಾನ್ಯವಾಗಿ ಜನವರಿಯ ಮಧ್ಯದಿಂದ ಮಾರ್ಚ್ ಆರಂಭದವರೆಗೆ, ಸುಮಾರು 7 ವಾರಗಳ ಕಾಲ, ಬೆರಳೆಣಿಕೆಯ ಜನರ ತಂಡವೊಂದು ದ್ವೀಪದ ಪಶ್ಚಿಮ ತುದಿಯ ವಿಂಡಿಗೋ ಎಂಬಲ್ಲಿ ನೆಲೆಸುತ್ತದೆ. ಆ ಅವಧಿಯಲ್ಲಿ ದ್ವೀಪದಲ್ಲಿ ಬೇರೆ ಜನವಸತಿ ಇರುವುದಿಲ್ಲ. ಅಂಗಡಿ, ಆಸ್ಪತ್ರೆ, ದೋಣಿ ಸಂಚಾರ ಯಾವುವೂ ಇರುವುದಿಲ್ಲ. ಆಹಾರ, ಇಂಧನ ಮತ್ತು ಸಲಕರಣೆಗಳನ್ನು ವಿಮಾನದ ಮೂಲಕವೇ ತರಬೇಕು. ಮರೆತುಬಂದ ವಸ್ತುವಿಗಾಗಿ ಮುಂದಿನ ವಿಮಾನದವರೆಗೆ ಕಾಯಬೇಕು, ಮುಂದಿನ ವಿಮಾನ ಹವಾಮಾನ ತಿಳಿಯಾಗುವವರೆಗೆ ಕಾಯಬೇಕು.

ಸಮೀಕ್ಷೆಗೆ ಬಳಸುವುದು ಇಬ್ಬರು ಒಬ್ಬರ ಹಿಂದೊಬ್ಬರು ಕೂರುವ ಪುಟ್ಟ ವಿಮಾನವನ್ನು. ಚಕ್ರಗಳ ಬದಲು ಸ್ಕೀ ಹಲಗೆಗಳನ್ನು ಅಳವಡಿಸಿರುವ ಈ ವಿಮಾನಕ್ಕೆ ಹೆಪ್ಪುಗಟ್ಟಿದ ವಾಷಿಂಗ್ಟನ್ ಹಾರ್ಬರ್ ಕೊಲ್ಲಿಯೇ ನಿಲ್ದಾಣ. ಪೈಲಟ್ ಮುಂದೆ, ಸಂಶೋಧಕ ಹಿಂದೆ. ಹೊಸ ಹಿಮ ಬಿದ್ದ ಮರುದಿನ ಹಾರಾಟಕ್ಕೆ ಅತ್ಯುತ್ತಮ, ಏಕೆಂದರೆ ಆಗ ಕಾಣುವ ಹೆಜ್ಜೆಗಳೆಲ್ಲ ಹೊಸವು. ಜಾಡು ಸಿಕ್ಕಿದೊಡನೆ ಅದನ್ನು ಹಿಡಿದು ತೋಳಗಳ ಗುಂಪು ಸಿಗುವವರೆಗೆ ಹಾರುತ್ತಾರೆ, ಸುತ್ತು ಹಾಕುತ್ತ ತಲೆ ಎಣಿಸುತ್ತಾರೆ. ಒಂದೇ ದಿನದಲ್ಲಿ ಎಲ್ಲ ಗುಂಪುಗಳನ್ನು ನೋಡಲು ಸಾಧ್ಯವಾದರೆ ಒಂದೇ ತೋಳವನ್ನು ಎರಡು ಸಲ ಲೆಕ್ಕ ಹಾಕುವ ಭಯವಿರುವುದಿಲ್ಲ. ಅಂತಹ ದಿನಗಳು ಒಂದು ಋತುವಿನಲ್ಲಿ ಹೆಚ್ಚು ಸಿಗುವುದಿಲ್ಲ. ಏಳು ವಾರ ಕಾದು ಕೂರುವುದಕ್ಕೆ ಇದೇ ಕಾರಣ.

ಮೂಸ್‌ಗಳ ಎಣಿಕೆ ಇನ್ನೊಂದು ಬಗೆಯದು. ದ್ವೀಪದುದ್ದಕ್ಕೂ ಆಯ್ದ ತುಂಡುಗಳ ಮೇಲೆ ವಿಮಾನವು ಸಣ್ಣ ಸುತ್ತುಗಳಲ್ಲಿ ಹಾರುತ್ತದೆ ಮತ್ತು ಕಂಡ ಪ್ರಾಣಿಗಳನ್ನು ದಾಖಲಿಸಲಾಗುತ್ತದೆ. ಸೂಚಿಪರ್ಣಿ ಮರಗಳ ಕೆಳಗೆ ನಿಂತ ಮೂಸ್ ಮೇಲಿನಿಂದ ಕಾಣುವುದಿಲ್ಲವಾದ್ದರಿಂದ, ತಪ್ಪಿಹೋದವುಗಳ ಪ್ರಮಾಣವನ್ನು ಅಂದಾಜಿಸಿ ಸಂಖ್ಯೆಯನ್ನು ತಿದ್ದಲಾಗುತ್ತದೆ. ಗಂಟೆಗಟ್ಟಲೆ ತಗ್ಗಿನಲ್ಲಿ ಸುತ್ತುವ ಈ ಹಾರಾಟಕ್ಕೆ ಎಲ್ಲ ಪೈಲಟ್‌ಗಳೂ ಒಗ್ಗುವುದಿಲ್ಲ. ಕಾರ್ಯಕ್ರಮದ ಮೊದಲ ದಶಕಗಳಲ್ಲಿ ಹಾರಿದ ಡಾನ್ ಮರ್ರಿ ಅವರಂತಹ ಪೈಲಟ್‌ಗಳ ಹೆಸರು ಸಂಶೋಧಕರ ಹೆಸರಿನೊಂದಿಗೇ ಉಲ್ಲೇಖವಾಗುವುದು ನ್ಯಾಯವೇ ಆಗಿದೆ. ಜಾಡನ್ನು ಓದುವ ಕಣ್ಣು ಮುಂದಿನ ಸೀಟಿನಲ್ಲಿಯೂ ಇರಬೇಕಾಗುತ್ತದೆ.

ತೋಳಗಳು ಮೂಸ್ ಒಂದನ್ನು ಕೊಂದ ಸ್ಥಳ ಮೇಲಿನಿಂದ ಗೊತ್ತಾದಾಗ, ತೋಳಗಳು ದೂರ ಸರಿದ ಮೇಲೆ ತಂಡದವರು ಹಿಮದಲ್ಲಿ ನಡೆದು ಅಲ್ಲಿಗೆ ಹೋಗುತ್ತಾರೆ. ದವಡೆ, ಕಾಲಿನ ಮೂಳೆ, ಮಜ್ಜೆಯ ಮಾದರಿಗಳನ್ನು ಹೊತ್ತು ತರುತ್ತಾರೆ. ಮಜ್ಜೆಯಲ್ಲಿ ಉಳಿದಿರುವ ಕೊಬ್ಬು ಆ ಪ್ರಾಣಿ ಎಷ್ಟು ಹಸಿದಿತ್ತೆಂಬುದನ್ನು ಹೇಳುತ್ತದೆ. ಹಲ್ಲನ್ನು ಕೊಯ್ದು ಅದರ ಪದರಗಳನ್ನು ಎಣಿಸಿದರೆ ವಯಸ್ಸು ತಿಳಿಯುತ್ತದೆ. ತೋಳದ ಹಿಕ್ಕೆಯಿಂದ ಡಿಎನ್‌ಎ ಪಡೆಯುವ ವಿಧಾನ ಬಂದ ಮೇಲೆ ಹಿಕ್ಕೆ ಸಂಗ್ರಹವೂ ಇದರೊಂದಿಗೆ ಸೇರಿತು.

ಬೇಸಿಗೆ, ಮೂಳೆಗಳು ಮತ್ತು ಸ್ವಯಂಸೇವಕರು

ಬೇಸಿಗೆಯಲ್ಲಿ ಕೆಲಸದ ಕೇಂದ್ರ ದ್ವೀಪದ ಪೂರ್ವ ಭಾಗಕ್ಕೆ, ಹಿಂದೆ ಮೀನುಗಾರರದ್ದಾಗಿದ್ದ ಬ್ಯಾಂಗ್‌ಸಂಡ್ ಎಂಬ ಮರದ ಮನೆಗೆ, ಬದಲಾಗುತ್ತದೆ. ವಿಶ್ವವಿದ್ಯಾಲಯವಿರುವ ಹೌಟನ್ ಪಟ್ಟಣದಿಂದ ರೇಂಜರ್ 3 ಎಂಬ ಹಡಗಿನಲ್ಲಿ ದ್ವೀಪಕ್ಕೆ ಸುಮಾರು 6 ಗಂಟೆಗಳ ಪ್ರಯಾಣ.

ಸತ್ತ ಮೂಸ್‌ಗಳ ಅಸ್ಥಿಗಳನ್ನು ಹುಡುಕಲು ದಾರಿಯಿಲ್ಲದ ಕಾಡಿನಲ್ಲಿ ಸಾಲಾಗಿ ನಡೆಯಬೇಕು. ವೇತನ ಪಡೆಯುವ ಸಿಬ್ಬಂದಿಯಿಂದ ಇದು ಆಗುವ ಕೆಲಸವಲ್ಲ. ಆದ್ದರಿಂದ ‘ಮೂಸ್‌ವಾಚ್’ ಎಂಬ ಹೆಸರಿನಲ್ಲಿ ಸಾರ್ವಜನಿಕರ ಸಣ್ಣ ತಂಡಗಳನ್ನು ಸುಮಾರು ಒಂದು ವಾರದ ಮಟ್ಟಿಗೆ ಕರೆದೊಯ್ಯಲಾಗುತ್ತದೆ. ಬರುವವರು ತಮ್ಮ ಹೊರೆಯನ್ನು ತಾವೇ ಹೊರುತ್ತಾರೆ, ವೆಚ್ಚಕ್ಕೆ ಹಣವನ್ನೂ ಕೊಡುತ್ತಾರೆ. ಜೌಗುನೆಲ, ಸೊಳ್ಳೆ, ಬಿದ್ದ ಮರಗಳ ನಡುವೆ ದುಡಿಯಲು ಜನ ತಾವೇ ಹಣ ತೆತ್ತು ಬರುವುದು ಹೊರಗಿನವರಿಗೆ ವಿಚಿತ್ರವೆನಿಸಬಹುದು. ಆದರೆ ಹಲವರು ವರ್ಷ ವರ್ಷವೂ ಮರಳಿ ಬರುತ್ತಾರೆ.

ಹೀಗೆ ಸಂಗ್ರಹವಾದ ಸಾವಿರಾರು ಮೂಸ್‌ಗಳ ಅವಶೇಷಗಳು ಸ್ಥಳ ಮತ್ತು ವರ್ಷದ ದಾಖಲೆಯೊಂದಿಗೆ ಜೋಪಾನವಾಗಿವೆ. ಸಂಗ್ರಹಿಸಿದವರ ಮನಸ್ಸಿನಲ್ಲಿಲ್ಲದ ಪ್ರಶ್ನೆಗಳಿಗೂ ಇವು ಉತ್ತರ ಕೊಟ್ಟಿವೆ. ಹಲ್ಲುಗಳಲ್ಲಿ ಉಳಿದ ಪಾದರಸದ ಪ್ರಮಾಣದಿಂದ ದಶಕಗಳ ವಾಯುಮಾಲಿನ್ಯದ ಏರಿಳಿತ ಕಂಡುಬಂದಿತು. ಎಳೆಯ ವಯಸ್ಸಿನಲ್ಲಿ ಆಹಾರದ ಕೊರತೆ ಅನುಭವಿಸಿದ ಮೂಸ್‌ಗಳಿಗೆ ಮುಂದೆ ಕೀಲುರೋಗ ಬರುವ ಸಾಧ್ಯತೆ ಹೆಚ್ಚೆಂದು ಮೂಳೆಗಳಿಂದ ತಿಳಿದುಬಂದಿತು.

ಅನುಮತಿ ಮತ್ತು ಹಣ

ದ್ವೀಪದ ಒಡೆತನ ವಿಶ್ವವಿದ್ಯಾಲಯದ್ದಲ್ಲ. ಮುಚ್ಚಿದ ಉದ್ಯಾನದಲ್ಲಿ ತಂಗುವುದಕ್ಕೂ ಪ್ರಾಣಿಗಳನ್ನು ಮುಟ್ಟುವುದಕ್ಕೂ ರಾಷ್ಟ್ರೀಯ ಉದ್ಯಾನ ಸೇವೆಯ ಅನುಮತಿ ಬೇಕು. ಮೊದಲ ಮೂರು ದಶಕ ತೋಳಗಳನ್ನು ದೂರದಿಂದ ನೋಡುವುದಷ್ಟೇ ಪದ್ಧತಿಯಾಗಿತ್ತು. 1980ರಲ್ಲಿ 50 ಇದ್ದ ತೋಳಗಳು ನಾಯಿಗಳಿಂದ ಹರಡಿದ ಪಾರ್ವೊ ವೈರಾಣುವಿನ ಕಾರಣ 1982ರ ಹೊತ್ತಿಗೆ 14ಕ್ಕೆ ಇಳಿದು, ನಂತರವೂ ಚೇತರಿಸಿಕೊಳ್ಳದಿದ್ದಾಗ, 1988ರಿಂದ ಅವುಗಳನ್ನು ಹಿಡಿದು ರಕ್ತ ಪರೀಕ್ಷಿಸಿ ರೇಡಿಯೋ ಕಾಲರ್ ತೊಡಿಸಲು ಆರಂಭಿಸಲಾಯಿತು.

ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ, ಉದ್ಯಾನ ಸೇವೆ ಹಾಗೂ ದಾನಿಗಳಿಂದ ಹಣ ಬರುತ್ತದೆ. ಅನುದಾನಗಳಿಗೆ ಕೆಲವು ವರ್ಷಗಳ ಅವಧಿ ಮಾತ್ರ ಇರುತ್ತದೆ, ಮೂಸ್ ಒಂದರ ಆಯುಸ್ಸು ಅದಕ್ಕಿಂತ ಹೆಚ್ಚು. ವಾರ್ಷಿಕ ವರದಿಯು ವಿಜ್ಞಾನಿಗಳಿಗೆ ದತ್ತಾಂಶವಾಗಿರುವಂತೆಯೇ ದಾನಿಗಳಿಗೆ ಲೆಕ್ಕಪತ್ರವೂ ಆಗಿದೆ.

ಹಸ್ತಕ್ಷೇಪದ ಚರ್ಚೆ

1997ರಲ್ಲಿ ಒಂದು ಗಂಡು ತೋಳ ಮಂಜುಗಡ್ಡೆಯ ಮೇಲೆ ದಾಟಿ ಬಂದದ್ದು ವರ್ಷಗಳ ನಂತರ ಹಿಕ್ಕೆಯ ಡಿಎನ್‌ಎಯಿಂದ ತಿಳಿಯಿತು. ಅದರ ಸಂತತಿ ಬೆಳೆದರೂ ಒಳಸಂತಾನೋತ್ಪತ್ತಿಯ ದೋಷ ಮತ್ತೆ ಮರಳಿತು. ಹಳೆಯ ತಾಮ್ರದ ಗಣಿಗುಂಡಿಯೊಂದರಲ್ಲಿ ಬಿದ್ದು ಸತ್ತ 3 ತೋಳಗಳು 2012ರಲ್ಲಿ ಪತ್ತೆಯಾದವು. 2016ರ ಎಣಿಕೆಯಲ್ಲಿ ಉಳಿದದ್ದು ಕೇವಲ 2 ತೋಳಗಳು. ಹೊರಗಿನಿಂದ ತೋಳಗಳನ್ನು ತರಬೇಕೆಂದು ಪೀಟರ್ಸನ್ ಮತ್ತು ವುಸೆಟಿಚ್ ವಾದಿಸಿದರೆ, ಪ್ರಕೃತಿಯ ಗತಿಯನ್ನು ಕಾದು ನೋಡಬೇಕೆಂಬುದು ಮೆಕ್ ಅವರ ನಿಲುವಾಗಿತ್ತು. ಎರಡೂ ಕಡೆಯವರು ಆಧರಿಸಿದ್ದು ಒಂದೇ ದಾಖಲೆಯನ್ನು. ಕೊನೆಗೆ 2018 ಮತ್ತು 2019ರಲ್ಲಿ ಉದ್ಯಾನ ಸೇವೆಯು 19 ತೋಳಗಳನ್ನು ತಂದು ಬಿಟ್ಟಿತು. ಅವುಗಳಲ್ಲಿ ಒಂದು ಹೆಣ್ಣು ತೋಳ 2019ರ ಜನವರಿಯಲ್ಲಿ ಮಂಜುಗಡ್ಡೆಯ ಮೇಲೆ ನಡೆದು ಮುಖ್ಯಭೂಮಿಗೆ ಹಿಂದಿರುಗಿತು.

ಎಣಿಕೆಯಲ್ಲಿ ಅಡಚಣೆಗಳು

ಕೋವಿಡ್ ಸಾಂಕ್ರಾಮಿಕದ ಕಾರಣ 2021ರ ಚಳಿಗಾಲದ ಸಮೀಕ್ಷೆ ರದ್ದಾಯಿತು. ಅಧ್ಯಯನದ ಇತಿಹಾಸದಲ್ಲಿ ಹೀಗಾದದ್ದು ಅದೇ ಮೊದಲು. ಹೊಸ ತೋಳಗಳು ನೆಲೆಯೂರುತ್ತಿದ್ದ ಅತಿ ಮುಖ್ಯ ಸಮಯದಲ್ಲಿ ಈ ಅಂತರ ಬಂದಿತು. 2020ರಲ್ಲಿ 12ರಿಂದ 14ರಷ್ಟಿದ್ದ ತೋಳಗಳು 2022ರಲ್ಲಿ 28 ಆಗಿದ್ದವು, ಮೂಸ್‌ಗಳ ಅಂದಾಜು 1,876ರಿಂದ 1,346ಕ್ಕೆ ಇಳಿದಿತ್ತು. ಆಹಾರದ ಕೊರತೆ, ರಕ್ತ ಹೀರುವ ಉಣುಗುಗಳ ಬಾಧೆ, ತೋಳಗಳ ಬೇಟೆ ಇವು ಮೂಸ್‌ಗಳ ಇಳಿಕೆಗೆ ಕಾರಣವೆನಿಸಿವೆ. ಆ ಎರಡು ವರ್ಷಗಳ ನಡುವೆ ಯಾವಾಗ ಎಷ್ಟು ಬದಲಾಯಿತೆಂದು ಹೇಳುವ ಚಳಿಗಾಲದ ಎಣಿಕೆ ಇಲ್ಲ.

2024ರಲ್ಲಿ ತಂಡ ದ್ವೀಪವನ್ನು ತಲುಪಿತ್ತು, ವಿಮಾನವೂ ಸಿದ್ಧವಿತ್ತು. ಆದರೆ ಚಳಿಗಾಲ ಅಸಹಜವಾಗಿ ಬೆಚ್ಚಗಿದ್ದುದರಿಂದ ಕೊಲ್ಲಿಯ ಮಂಜುಗಡ್ಡೆ ವಿಮಾನದ ಭಾರಕ್ಕೆ ಸುರಕ್ಷಿತವಾಗಿ ಉಳಿಯಲಿಲ್ಲ. ಸಮೀಕ್ಷೆಯನ್ನು ಅರ್ಧಕ್ಕೆ ನಿಲ್ಲಿಸಿ ಎಲ್ಲರೂ ದ್ವೀಪ ಬಿಟ್ಟು ಹೊರಡಬೇಕಾಯಿತು. ಆ ವರ್ಷದ ವರದಿಯು ದೊರೆತಷ್ಟು ಮಾಹಿತಿಯ ಆಧಾರದ ಮೇಲೆ 30 ತೋಳಗಳು ಮತ್ತು ಸುಮಾರು 840 ಮೂಸ್‌ಗಳಿವೆಯೆಂದು ಅಂದಾಜಿಸಿತು.