ಮಗುವನ್ನೇ ಕೇಳಬೇಕು

2014ರ ಜುಲೈ 24ರ ಬೆಳಿಗ್ಗೆ ಮೆದಕ್ ಜಿಲ್ಲೆಯ ಮಾಸಾಯಿಪೇಟೆಯಲ್ಲಿ, ಕಾವಲುಗಾರನಿಲ್ಲದ ರೈಲ್ವೆ ಹಾದಿಯನ್ನು ದಾಟುತ್ತಿದ್ದ ಶಾಲಾ ಬಸ್ಸಿಗೆ ರೈಲು ಅಪ್ಪಳಿಸಿ ಹತ್ತಕ್ಕೂ ಹೆಚ್ಚು ಮಕ್ಕಳು ಅಸುನೀಗಿದರು. ನಮ್ಮ ಮನೂರು, ನಾರಾಯಣಖೇಡ, ಜಹೀರಾಬಾದುಗಳೂ ಆಗ ಅದೇ ಜಿಲ್ಲೆಗೆ ಸೇರಿದ್ದವು. ಇಂಥ ದುರಂತದಲ್ಲಿ ಬದುಕುಳಿದ ಮಗುವಿನ ಮೈಗಾಯ ಎಲ್ಲರಿಗೂ ಕಾಣುತ್ತದೆ. ಮನಸ್ಸಿನ ಗಾಯವನ್ನು ಕಾಣುವುದೆಂತು?

ಅದಕ್ಕೆ ರಕ್ತಪರೀಕ್ಷೆಯಿಲ್ಲ, ಎಕ್ಸ್‌ರೇ ಇಲ್ಲ, ಮಾತೇ ಪರೀಕ್ಷೆ. ಆಘಾತದ ಬಳಿಕ ಉಳಿಯುವ ಈ ಮನೋವ್ಯಾಧಿಯನ್ನು ವೈದ್ಯರು ಕ್ರಮಬದ್ಧವಾದ ಸಂದರ್ಶನದಿಂದ ಗುರುತಿಸುತ್ತಾರೆ. ಕಂಡದ್ದು ಕನಸಿನಲ್ಲಿ ಮರಳಿ ಬರುವುದೇ? ಆ ದಾರಿಯಲ್ಲಿ ಹೋಗಲು ಹಿಂಜರಿಯುವೆಯಾ? ಸಣ್ಣ ಸದ್ದಿಗೂ ಬೆಚ್ಚುವೆಯಾ? ಎಷ್ಟು ಸಲ, ಎಷ್ಟು ತೀವ್ರವಾಗಿ? ತಿಂಗಳು ಕಳೆದರೂ ಈ ಲಕ್ಷಣಗಳು ಉಳಿದು ಆಟಪಾಠಗಳಿಗೆ ಅಡ್ಡಿಯಾದರೆ ಮಾತ್ರ ಅದನ್ನು ವ್ಯಾಧಿಯೆನ್ನುತ್ತಾರೆ.

ಸಿಡುಕು, ನಿದ್ರಾಭಂಗಗಳು ತಾಯಿತಂದೆಯರ ಕಣ್ಣಿಗೆ ಬೀಳುತ್ತವೆ; ಅವರ ಮಾತೂ ಬೇಕು. ಆದರೆ ಒಳಗಿನ ಭಯವನ್ನು ಮಗುವೇ ಹೇಳಬೇಕು. ಹೆತ್ತವರು ನೊಂದಾರೆಂದು ಅವರೆದುರು ಅದು ಮುಚ್ಚಿಡುವುದುಂಟು. ಆದಕಾರಣ ಮಾತು ಬಲಿತ ಮಗುವನ್ನು ಪ್ರತ್ಯೇಕವಾಗಿಯೂ ಕೇಳುವುದು ಲೇಸು. ತೀರ ಚಿಕ್ಕವರಲ್ಲಿ ಆಟವನ್ನೇ ಗಮನಿಸುತ್ತಾರೆ. ನಡೆದ ಅವಘಡವನ್ನೇ ಮತ್ತೆ ಮತ್ತೆ ಆಡುವುದು ಒಂದು ಗುರುತು.

ಗಡಿನಾಡಿನವರಾದ ನಮಗೆ ಇನ್ನೂ ಒಂದು ಎಚ್ಚರ ಅಗತ್ಯ. ಶಾಲೆಯಲ್ಲಿ ತೆಲುಗನ್ನು ಸರಾಗವಾಗಿ ಆಡುವ ಮಗುವಿಗೂ ಅಂಜಿಕೆಯನ್ನು ಹೇಳಿಕೊಳ್ಳಲು ಅವ್ವನ ಕನ್ನಡವೇ ಬೇಕಾಗಬಹುದು. ಆಗ ತಂದೆಯೇ ದುಭಾಷಿಯಾಗಿ ಕುಳಿತರೆ, ಮುಚ್ಚಿಟ್ಟದ್ದು ಮುಚ್ಚಿಯೇ ಉಳಿದೀತು. ವೈದ್ಯರಿಗೆ ಕನ್ನಡ ಬಾರದಿದ್ದಲ್ಲಿ, ಮನೆಯವರಲ್ಲದ, ಗುಟ್ಟು ಕಾಯಬಲ್ಲ ಕನ್ನಡಿಗರೊಬ್ಬರ ನೆರವನ್ನು ಕೋರಿರಿ. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ದೂರವಾಣಿ 14416ರಲ್ಲಿಯೂ ಸಲಹೆ ಉಚಿತ.

ದೊಡ್ಡವನಾದ ಮೇಲೆ ತಾನೇ ಮರೆಯುತ್ತಾನೆಂದು ಸುಮ್ಮನಿರಬೇಡಿರಿ. ಮಗು ಮೌನವಾಗಿದೆಯೆಂದರೆ ಮರೆತಿದೆಯೆಂದು ಅರ್ಥವಲ್ಲ. ಯಾರೂ ಕೇಳಿಲ್ಲವೆಂದೂ ಇರಬಹುದು.